ಪಾದಪ ಶಬ್ದದ ವಿಚಾರ

ಮರಕ್ಕೆ ಸಂಸ್ಕೃತದಲ್ಲಿ ಹೆಸರಿನ ಬಡತನವಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದ ಹುಡುಗನು ತರು, ದ್ರುಮ, ಶಾಖಿ ಎಂದು ಬೆರಳು ಮಡಿಸುತ್ತ ಒಂದೇ ಉಸಿರಿಗೆ ಹೇಳಬಲ್ಲನು. ಅವುಗಳಲ್ಲೆಲ್ಲ ನನಗೆ ಮೊದಲಿನಿಂದಲೂ ಅಚ್ಚುಮೆಚ್ಚಾದದ್ದು ಪಾದಪವೆಂಬ ಶಬ್ದ. ಪಾದಗಳಿಂದ ಪಾನಮಾಡತಕ್ಕದ್ದು ಯಾವುದೋ ಅದು ಪಾದಪ. ಮೈಸೂರಿನ ಮಹಾರಾಜಾ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಈ ವ್ಯುತ್ಪತ್ತಿಯನ್ನು ಮೊದಲು ಕೇಳಿದ ದಿನ ಸಂಜೆ ಬಿಡಾರಕ್ಕೆ ಹಿಂದಿರುಗುತ್ತ ದಾರಿಯ ಸಾಲುಮರಗಳನ್ನು ಹೊಸದಾಗಿ ನೋಡಿದ್ದು ಈಗಲೂ ನೆನಪಿದೆ. ಒಂದು ಶಬ್ದದೊಳಗೆ ಒಂದು ಶಾಸ್ತ್ರವೇ ಅಡಗಿದೆಯೆಂದು ಹಿಗ್ಗಿದ್ದೆ. ಆ ಹಿಗ್ಗೇ ಮುಂದೆ ನನ್ನಿಂದ ಒಂದು ತಪ್ಪನ್ನು ಮಾಡಿಸಿತು. ಅದನ್ನು ಈ ಪತ್ರಿಕೆಯ ವಾಚಕರ ಮುಂದೆ ಹೇಳಿಕೊಳ್ಳಬೇಕೆಂದು ಬಹುದಿನದಿಂದ ಇದ್ದೆ.

೧೯೮೪ರ ಮಾತು. ಹುಣಸೂರು ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಭಾಷಾಪಂಡಿತನಾಗಿ ಸೇರಿ ಆಗಿನ್ನೂ ಎರಡು ವರ್ಷ. ಹೊಸ ಪಂಡಿತನಿಗೆ ಪಾಠಕ್ಕಿಂತ ಪ್ರಸಂಗ ಹೆಚ್ಚು. ಅಂದು ಒಂಬತ್ತನೆಯ ತರಗತಿಯಲ್ಲಿ ಮಹಾಭಾರತದ ಶಾಂತಿಪರ್ವದ ಭೃಗು ಭರದ್ವಾಜ ಸಂವಾದವನ್ನು ಹೇಳತೊಡಗಿದೆ. ಮರಗಳು ನೋಡಲಾರವು, ಕೇಳಲಾರವು. ಅವೂ ಪಂಚಭೂತಗಳಿಂದಾದವೆಂಬುದು ಹೇಗೆ ಎಂದು ಭರದ್ವಾಜನು ಕೇಳುತ್ತಾನೆ. ಭೃಗುವು ಒಂದೊಂದಾಗಿ ಉತ್ತರ ಕೊಡುತ್ತಾನೆ. ಬಿಸಿಲಿಗೆ ಎಲೆ ಬಾಡುವುದರಿಂದ ಸ್ಪರ್ಶವುಂಟು. ಸಿಡಿಲಿನ ಸದ್ದಿಗೆ ಹಣ್ಣು ಉದುರುವುದರಿಂದ ಶ್ರವಣವುಂಟು. ಬಳ್ಳಿಯು ದಾರಿ ಹುಡುಕಿಕೊಂಡು ಸುತ್ತುವುದರಿಂದ ದೃಷ್ಟಿಯುಂಟು. ನೈದಿಲೆಯ ದಂಟಿನ ಮೂಲಕ ಬಾಯಿಯು ನೀರನ್ನು ಸೆಳೆಯುವಂತೆ ಮರವು ವಾಯುವಿನೊಡಗೂಡಿ ಪಾದಗಳಿಂದ ನೀರನ್ನು ಕುಡಿಯುತ್ತದೆ. ಇಷ್ಟನ್ನು ಹೇಳಿ, ಪಾಶ್ಚಾತ್ಯರು ನೆನ್ನೆ ಮೊನ್ನೆ ಕಂಡುಕೊಂಡದ್ದನ್ನು ನಮ್ಮವರು ಎಂದೋ ಹೇಳಿ ಮುಗಿಸಿದ್ದಾರೆ, ಇನ್ನು ಕೇಳತಕ್ಕದ್ದೇನೂ ಇಲ್ಲವೆಂದು ನಿಲ್ಲಿಸಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. “ಎಷ್ಟು ಕುಡಿಯುತ್ತದೆ ಮೇಷ್ಟ್ರೆ? ಕುಡಿದದ್ದೆಲ್ಲ ಎಲ್ಲಿಗೆ ಹೋಗುತ್ತದೆ?”

ತರಗತಿಯೆಲ್ಲ ಘೊಳ್ಳೆಂದಿತು. ಹದಿನಾಲ್ಕು ವರ್ಷದ ಹುಡುಗರಿಗೆ, ಕುಡಿದ ನೀರು ಎಲ್ಲಿಗೆ ಹೋಗುತ್ತದೆಂಬ ಮಾತಿನಲ್ಲಿ ನಗುವುದಕ್ಕೆ ಏನಿತ್ತೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಋಷಿವಾಕ್ಯವನ್ನು ಹಾಸ್ಯಮಾಡಿದನೆಂದು ನನಗೆ ರೇಗಿತು. ಕರೆದು ಎರಡು ಕೈಗೂ ರೂಲುದೊಣ್ಣೆಯಿಂದ ಏಟು ಕೊಟ್ಟೆ. ಅವನು ನಗುತ್ತಿರಲಿಲ್ಲವೆಂಬುದು ಏಟು ಕೊಡುವಾಗಲೇ ನನಗೆ ಕಂಡಿತ್ತು.

ಆ ಹುಡುಗನ ತಂದೆಗೆ ಪಿರಿಯಾಪಟ್ಟಣದ ರಸ್ತೆಯ ಮಗ್ಗುಲಿನ ಹಳ್ಳಿಯಲ್ಲಿ ಮೂರೆಕರೆ ಕೆಂಪುನೆಲ. ಎರಡೆಕರೆಗೆ ಹೊಗೆಸೊಪ್ಪು, ಒಂದೆಕರೆಗೆ ರಾಗಿ. ನಮ್ಮ ಕಡೆಯ ಲೆಕ್ಕವೇ ಹಾಗೆ; ರಾಗಿ ಹೊಟ್ಟೆಗೆ, ಹೊಗೆಸೊಪ್ಪು ಮಿಕ್ಕ ಎಲ್ಲಕ್ಕೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಈ ನಾಲ್ಕು ತಾಲ್ಲೂಕುಗಳಲ್ಲಿ ಮೇ ತಿಂಗಳ ಮಳೆಗೆ ಸಸಿ ನೆಟ್ಟು, ಆಷಾಢ ಶ್ರಾವಣಗಳಲ್ಲಿ ಕುಡಿ ಮುರಿದು, ಎಲೆ ಕಿತ್ತು ಬ್ಯಾರನ್ನಿಗೆ ತುಂಬಿ, ಹಗಲಿರುಳು ಸೌದೆಯುರಿಯ ಮುಂದೆ ನಿದ್ದೆಗೆಟ್ಟವರ ಮನೆಗಳಲ್ಲಿ ಓದಿದ ಮಕ್ಕಳು ನೂರಾರು. ಹುಡುಗನು ಪಿ.ಯು.ಸಿ. ಮುಗಿಸಿದಾಗ ತಂದೆ ನನ್ನಲ್ಲಿಗೆ ಬಂದು, “ಬೆಂಗಳೂರಿನಲ್ಲಿ ಬೇಸಾಯದ ಕಾಲೇಜು ಸೇರುತ್ತಾನಂತೆ ಸ್ವಾಮಿ, ನೀವೇನು ಹೇಳುತ್ತೀರಿ?” ಎಂದು ಕೇಳಿದ. ನಾನು ನಸ್ಯವನ್ನೇರಿಸುತ್ತ, ಹೊಲ ಉಳುವುದಕ್ಕೆ ಪದವಿಯೇಕೆ, ಉಪಾಧ್ಯಾಯರ ತರಬೇತಿಗೆ ಸೇರಿಸು, ಎರಡು ವರ್ಷಕ್ಕೆ ಕೈಗೆ ಸಂಬಳ ಬರುತ್ತದೆಯೆಂದೆ. ಅವನು ಬಹಳ ವಿನಯದಿಂದ ಕೇಳಿಕೊಂಡು ಹೋಗಿ, ಮುಂದಿನ ಸಂತೆಯಲ್ಲಿ ಎತ್ತುಗಳನ್ನು ಮಾರಿ, ಮಗನನ್ನು ಬೇಸಾಯದ ಕಾಲೇಜಿಗೇ ಕಳುಹಿಸಿದ. ನಾನು ಹೇಳಿದ ಬುದ್ಧಿಯನ್ನು ಕೇಳದೆ ಉದ್ಧಾರವಾದವರಲ್ಲಿ ಈ ಮನೆಯವರು ಮೊದಲಿಗರು.

ಹೀಗೆ ಅವನು ೧೯೮೮ರಲ್ಲಿ ಬೆಂಗಳೂರು ಸೇರಿದ. ಅಲ್ಲಿನ ಕೃಷಿವಿದ್ಯೆಗೆ ಬೇರು ಬಿದ್ದದ್ದು ಹೆಬ್ಬಾಳದಲ್ಲಿ. ೧೮೯೯ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಪ್ರಯೋಗಕ್ಷೇತ್ರಕ್ಕೆಂದು ಮೂವತ್ತು ಎಕರೆ ನೆಲವನ್ನು ಕೊಟ್ಟ ಕಾಲದಿಂದ ಮೊದಲಾಗಿ, ಲೇಮನ್, ಕೋಲ್ಮನ್ ಮುಂತಾದವರ ಕೈಯಲ್ಲಿ ಬೆಳೆದು, ೧೯೪೬ರಲ್ಲಿ ಕಾಲೇಜಾಗಿ, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಗಾಂಧಿ ಕೃಷಿ ವಿಜ್ಞಾನ ಕೇಂದ್ರವೆಂಬ ವಿಸ್ತಾರವಾದ ಆವರಣ ಆಮೇಲಿನದು. ಅಲ್ಲಿ ಬೆಳೆ ಶರೀರಕ್ರಿಯಾಶಾಸ್ತ್ರವೆಂದೊಂದು ವಿಭಾಗ. ಎಂ. ಉದಯಕುಮಾರ್, ಟಿ. ಜಿ. ಪ್ರಸಾದ್, ಅವರ ತರುವಾಯ ಎಂ. ಎಸ್. ಶೇಷಶಾಯಿ ಮೊದಲಾದ ವಿದ್ವಾಂಸರು ದುಡಿದು ಹೆಸರು ತಂದ ವಿಭಾಗವದು. ಬಿಸಿಲು, ಬರ, ಉಪ್ಪುನೆಲ ಇವು ಬಂದೊದಗಿದಾಗ ಗಿಡವು ತನ್ನ ಮೈಯೊಳಗೆ ಏನನ್ನು ಮಾಡಿಕೊಳ್ಳುತ್ತದೆಂಬುದೇ ಅಲ್ಲಿನ ಮುಖ್ಯ ವಿಚಾರ. ನನ್ನ ಶಿಷ್ಯನು ಎಂ.ಎಸ್ಸಿ.ಗೂ ಡಾಕ್ಟರೇಟಿಗೂ ಈ ವಿದ್ಯೆಯನ್ನೇ ಹಿಡಿದ.

ಮೊದಮೊದಲು ಅವನು ಬರೆಯುತ್ತಿದ್ದ ಕಾಗದಗಳನ್ನು ಓದಿ ನನಗೆ ಕನಿಕರವಾಗುತ್ತಿತ್ತು. ಮಣ್ಣು ತುಂಬಿದ ಕುಂಡಗಳನ್ನು ಬೆಳಿಗ್ಗೆ ತೂಗುವುದು, ಕಡಮೆಯಾದಷ್ಟು ನೀರನ್ನು ಅಳೆದು ಹೊಯ್ಯುವುದು, ಮರುದಿನ ಮತ್ತೆ ತೂಗುವುದು, ಭಾನುವಾರವಿಲ್ಲ, ಹಬ್ಬವಿಲ್ಲ. ಇದೇನು, ತಂದೆ ಎತ್ತು ಮಾರಿ ಓದಿಸಿದ್ದು ಮಗನು ತಕ್ಕಡಿ ಹಿಡಿಯಲೆಂದೆ? ಒಂದು ದಸರೆಯ ರಜೆಯಲ್ಲಿ ಬಂದವನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕೇಳಿಯೇಬಿಟ್ಟೆ. ಅವನು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಎಲೆಯ ಮೈಯಲ್ಲೆಲ್ಲ, ಹೆಚ್ಚಾಗಿ ಅಡಿಮೈಯಲ್ಲಿ, ಕಣ್ಣಿಗೆ ಕಾಣದ ಬಾಯಿಗಳುಂಟು. ಸಾಸುವೆ ಕಾಳಿನಷ್ಟು ಜಾಗದಲ್ಲಿ ನೂರಾರು. ಪ್ರತಿ ಬಾಯಿಗೂ ಎರಡು ತುಟಿಗಳಂತೆ ಎರಡು ಕೋಶಗಳು. ಅವು ನೀರುಂಡು ಬಿಗಿದರೆ ಬಾಯಿ ತೆರೆಯುತ್ತದೆ, ನೀರಿಳಿದು ಸಡಿಲಿದರೆ ಮುಚ್ಚುತ್ತದೆ. ಗಿಡವು ಗಾಳಿಯಿಂದ ಅಂಗಾರಾಮ್ಲವಾಯುವನ್ನು, ಈಗಿನ ಪುಸ್ತಕಗಳವರು ಇಂಗಾಲದ ಡೈಆಕ್ಸೈಡ್ ಎನ್ನುವುದನ್ನು, ಒಳಕ್ಕೆ ತೆಗೆದುಕೊಂಡರಲ್ಲದೆ ಅನ್ನವಿಲ್ಲ. ಅದನ್ನು ತೆಗೆದುಕೊಳ್ಳಲು ಬಾಯಿ ತೆರೆಯಬೇಕು. ತೆರೆದ ಕೂಡಲೆ ಒಳಗಿನ ನೀರು ಆವಿಯಾಗಿ ಹೊರಕ್ಕೆ ಹೋಗುತ್ತದೆ. ಮುಚ್ಚಿಕೊಂಡರೆ ಹಸಿವು, ತೆರೆದರೆ ಬಾಯಾರಿಕೆ. ಬೇರು ಸೆಳೆದ ನೀರಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಮೀರಿ ಹೀಗೆಯೇ ಹೊರಟುಹೋಗುತ್ತದೆ. ಮೈಗೆ ಹತ್ತುವುದು ಚೂರುಪಾರು.

“ಅದಕ್ಕೇ ಮೇಷ್ಟ್ರೆ, ಕುಡಿಯುವುದು ಮರವಲ್ಲ. ಒಣಗಿದ ಗಾಳಿ ಎಲೆಯಿಂದ ಎಳೆಯುತ್ತದೆ. ಬೇರಿನವರೆಗೂ ಎಳೆ ಕಡಿಯದ ನೀರಿನ ಹಗ್ಗವೊಂದಿದೆ. ಮೇಲೆ ಜಗ್ಗಿದರೆ ಕೆಳಗಿನದು ಬರುತ್ತದೆ. ಕುಡಿಯುವುದು ಆಕಾಶ, ಮರ ಅದರ ದಂಟು.”

ನನಗೆ ಮೈ ಜುಮ್ಮೆಂದಿತು. ನೈದಿಲೆಯ ದಂಟು, ವಾಯುವಿನೊಡಗೂಡಿ! ನೋಡಿದೆಯಾ, ಭೃಗುವು ಹೇಳಿರುವುದೂ ಅದೇ ಅಲ್ಲವೇನಯ್ಯಾ ಎಂದು ಕೂಗಿಕೊಂಡೆ. ಅವನು ತಲೆಯಾಡಿಸಿದ, ಒಪ್ಪಲಿಲ್ಲ. ಅವರು ಚೆನ್ನಾಗಿ ನೋಡಿದ್ದರು, ಹೋಲಿಕೆ ಸೊಗಸಾಗಿದೆ, ಆದರೆ ತೂಗಿರಲಿಲ್ಲ ಎಂದ. ಇಂಗ್ಲೆಂಡಿನಲ್ಲಿ ಸ್ಟೀಫನ್ ಹೇಲ್ಸ್ ಎಂಬೊಬ್ಬ ಪಾದ್ರಿ ಕುಂಡದ ಸೂರ್ಯಕಾಂತಿ ಗಿಡವೊಂದರ ಮಣ್ಣಿನ ಬಾಯನ್ನು ಮುಚ್ಚಿ, ದಿನವೂ ತೂಗಿ, ಸಮಸಮ ಗಾತ್ರಕ್ಕೆ ಲೆಕ್ಕ ಹಾಕಿದರೆ ಗಿಡವು ಮನುಷ್ಯನಿಗಿಂತ ಹದಿನೇಳು ಪಟ್ಟು ಬೆವರುತ್ತದೆಂದು ೧೭೨೭ರಲ್ಲಿ ಪುಸ್ತಕ ಬರೆದನಂತೆ. ಎಳೆತದಿಂದ ನೀರೇರುತ್ತದೆಂಬ ವಾದವನ್ನು ಡಿಕ್ಸನ್, ಜೋಲಿ ಎಂಬಿಬ್ಬರು ಐರ್ಲೆಂಡಿನಲ್ಲಿ ೧೮೯೪ರಲ್ಲಿ ಹೂಡಿದರಂತೆ. ಪೂಜಾರಿಕೆಯವನೊಬ್ಬನು ತಕ್ಕಡಿ ಹಿಡಿದನೆಂದು ಕೇಳಿ ನನಗೆ ಕೊಂಚ ಸಮಾಧಾನವಾಯಿತು. ಆದರೆ ಎಷ್ಟು, ಎಲ್ಲಿಗೆ ಎಂಬ ಎರಡು ಪ್ರಶ್ನೆಗಳು ಎಲ್ಲೋ ಕೇಳಿದಂತಿವೆಯಲ್ಲ ಎಂದು ಒಳಗೊಳಗೆ ಮುಳ್ಳಾಡಿತು. ಬಾಯಿ ಬಿಡಲಿಲ್ಲ.

ಅಂದು ಅವನು ಇನ್ನೊಂದು ಲೆಕ್ಕ ಹೇಳಿದ. ಅಮೆರಿಕದ ಕೊಲೊರಾಡೊ ಸೀಮೆಯಲ್ಲಿ ಬ್ರಿಗ್ಸ್, ಶಾಂಟ್ಸ್ ಎಂಬವರು ಕಳೆದ ಶತಮಾನದ ಮೊದಲ ಭಾಗದಲ್ಲಿ ಬಗೆಬಗೆಯ ಬೆಳೆಗಳನ್ನು ತೂಗಿ ನೋಡಿದರು. ಒಂದು ಸೇರು ಒಣತೂಕ ಬೆಳೆಯಬೇಕಾದರೆ ಬರಗಿಗೆ ಸುಮಾರು ೩೦೦ ಸೇರು ನೀರು, ಗೋಧಿಗೆ ಸುಮಾರು ೫೦೦, ಬತ್ತಕ್ಕೆ ೭೦೦. ರಾಗಿಯೂ ಬರಗಿನ ಪಂಗಡದ್ದೇ. ಈ ಪಂಗಡದ ಎಲೆಯೊಳಗೆ ಅಂಗಾರಾಮ್ಲವನ್ನು ಮೊದಲು ಒಂದೆಡೆ ಹಿಡಿದು, ಗೂಡಿಸಿ, ಬಳಿಕ ಅಡಿಗೆಗೆ ಕೊಡುವ ಉಗ್ರಾಣದ ಏರ್ಪಾಡುಂಟು. ಆದ್ದರಿಂದ ಬಾಯನ್ನು ಸ್ವಲ್ಪವೇ ತೆರೆದರೂ ಸಾಗುತ್ತದೆ. ಬತ್ತಕ್ಕೂ ಹೊಗೆಸೊಪ್ಪಿಗೂ ಈ ಉಗ್ರಾಣವಿಲ್ಲ. ಆಸ್ಟ್ರೇಲಿಯದ ಹ್ಯಾಚ್, ಸ್ಲಾಕ್ ಎಂಬವರು ೧೯೬೬ರಲ್ಲಿ ಕಬ್ಬಿನಲ್ಲಿ ಇದನ್ನು ವಿಶದಪಡಿಸಿದರು. ಕೃಷ್ಣರಾಜನಗರದ ನಾಲೆಬಯಲಿನ ಬತ್ತವನ್ನೂ ಪಿರಿಯಾಪಟ್ಟಣದ ದಿಣ್ಣೆಯ ರಾಗಿಯನ್ನೂ ಒಂದೇ ದಿನ ಬಸ್ಸಿನ ಕಿಟಕಿಯಿಂದ ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಮುದ್ದೆಯನ್ನು ನಮ್ಮ ಹಿರಿಯರು ಬಡವರ ಅನ್ನವೆಂದರು. ನೀರಿನ ಲೆಕ್ಕದಲ್ಲಿ ಅದು ಜಾಣರ ಅನ್ನ.

ಅವನ ಡಾಕ್ಟರೇಟಿನ ವಿಷಯ ಇನ್ನೂ ಸೂಕ್ಷ್ಮ. ಒಂದೇ ಬೆಳೆಯಲ್ಲಿ ನೂರು ತಳಿಗಳಿದ್ದರೆ ಯಾವುದು ನೀರನ್ನು ಹಿತವಾಗಿ ಬಳಸುತ್ತದೆಂದು ತಿಳಿಯಲು ಎಲ್ಲವನ್ನೂ ತಿಂಗಳುಗಟ್ಟಲೆ ತೂಗುವುದು ಆಗದ ಮಾತು. ಇಂಗಾಲದಲ್ಲಿ ತೂಕದ ಭೇದವುಳ್ಳ ಪರಮಾಣುಗಳಿವೆ. ೧೨ರ ತೂಕದವೇ ಬಹುವಾಗಿ, ೧೩ರ ತೂಕದವು ನೂರಕ್ಕೆ ಒಂದರಷ್ಟು. ಗಿಡಕ್ಕೆ ಹಗುರದ್ದು ಪ್ರಿಯ. ಬಾಯಿ ಅಗಲವಾಗಿ ತೆರೆದಿದ್ದರೆ ಸಂತೆಯಲ್ಲಿ ನಿಂತವನಂತೆ ಹಗುರದ್ದನ್ನೇ ಆರಿಸಿಕೊಳ್ಳುತ್ತದೆ. ಬಾಯಿ ಬಿಗಿಹಿಡಿದಿದ್ದರೆ ಬಾಗಿಲಿಗೆ ಬಂದದ್ದನ್ನು ಬಿಡಲಾಗದೆ ಭಾರದ್ದನ್ನೂ ಒಪ್ಪಿಕೊಳ್ಳುತ್ತದೆ. ಆದ್ದರಿಂದ ಒಣಗಿದ ಎಲೆಯ ಒಂದು ಚಿಟಿಕೆ ಪುಡಿಯಲ್ಲಿ ಭಾರದ ಇಂಗಾಲವೆಷ್ಟೆಂದು ಯಂತ್ರದಿಂದ ಅಳೆದರೆ, ಗಿಡವು ತಾನು ಬದುಕಿದ್ದಷ್ಟು ದಿನವೂ ಬಾಯನ್ನು ಹೇಗೆ ಆಳಿತೆಂಬುದು ಹೊರಬೀಳುತ್ತದೆ. ಆಸ್ಟ್ರೇಲಿಯದ ಫಾರ್ಕ್ವಾರ್ ಎಂಬವರೂ ಅವರ ಸಂಗಡಿಗರೂ ೧೯೮೨ರಲ್ಲಿ ಇದರ ಸೂತ್ರವನ್ನು ಕಟ್ಟಿದರು. ಬೆಂಗಳೂರಿನ ವಿಭಾಗದವರು ಕಡಲೆಕಾಯಿ, ಬತ್ತ ಮುಂತಾದವುಗಳಲ್ಲಿ ಇದನ್ನು ಬಹುವಾಗಿ ನಡೆಸಿ ನೋಡಿದರು. ಎಲೆ ದಪ್ಪನಾದ ಕಡಲೆಕಾಯಿಯ ತಳಿಗಳು ನೀರನ್ನು ಹಿತವಾಗಿ ಬಳಸುವುದೂ ಕಂಡುಬಂದಿತು. ಒಂದು ಚಿಟಿಕೆ ಪುಡಿಯಿಂದ ಒಂದು ಜನ್ಮದ ಚರಿತ್ರೆಯನ್ನು ಓದುವ ವಿದ್ಯೆಯಿದು. ನನ್ನ ಕೈಯಲ್ಲೂ ಆಗ ಒಂದು ಚಿಟಿಕೆ ಎಲೆಪುಡಿಯೇ ಇತ್ತು, ಅದು ನಸ್ಯ. ಅವನು ನಗುತ್ತ, ಅದರ ಘಾಟು ಎಲೆಯದಲ್ಲ, ಬೇರಿನದೆಂದ. ನಿಕೋಟಿನ್ ಹುಟ್ಟುವುದು ಹೊಗೆಸೊಪ್ಪಿನ ಬೇರಿನಲ್ಲಂತೆ. ಏರುವ ನೀರಿನೊಂದಿಗೆ ಎಲೆಗೆ ಬರುತ್ತದಂತೆ. ಹೊಗೆಸೊಪ್ಪಿನ ಕುಡಿಯನ್ನು ಟೊಮ್ಯಾಟೊ ಬೇರಿಗೆ ಕಸಿಮಾಡಿದರೆ ಎಲೆಯಲ್ಲಿ ಘಾಟಿಲ್ಲವೆಂಬುದನ್ನು ಅಮೆರಿಕದ ಡಾಸನ್ ಎಂಬವರು ೧೯೪೨ರಲ್ಲಿ ತೋರಿಸಿದರಂತೆ. ನಲವತ್ತು ವರ್ಷ ನಸ್ಯ ಏರಿಸಿದವನಿಗೆ ಇಷ್ಟೂ ತಿಳಿದಿರಲಿಲ್ಲ.

ತಂದೆಗೂ ಮಗನಿಗೂ ನಡೆದ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಮಗನು ಡಾಕ್ಟರಾಗಿ ಊರಿಗೆ ಬಂದ ವರ್ಷ ನಾನೂ ಅವರ ಮನೆಗೆ ಹೋಗಿದ್ದೆ. ಬ್ಯಾರನ್ನಿನ ಮುಂದೆ ಕುಳಿತು ಸೌದೆ ನೂಕುತ್ತಿದ್ದ ತಂದೆಗೆ ಮಗನು ತನ್ನ ವಿಭಾಗದ ಒಂದು ಪ್ರಯೋಗವನ್ನು ವಿವರಿಸುತ್ತಿದ್ದ. ಮೊಳಕೆಗಳನ್ನು ಒಮ್ಮೆಗೇ ಕಡುಬಿಸಿಗೆ ಒಡ್ಡಿದರೆ ಸಾಯುತ್ತವೆ. ಅವನ್ನೇ ಮೊದಲು ಸಣ್ಣ ಬಿಸಿಯಿಂದ ಮೆಲ್ಲಮೆಲ್ಲನೆ ಏರಿಸಿ, ಆಮೇಲೆ ಅದೇ ಕಡುಬಿಸಿಗೆ ಒಡ್ಡಿದರೆ ಬಾಡಿ ಚೇತರಿಸಿಕೊಂಡು ಬೆಳೆಯುತ್ತವೆ. ಯಾವ ತಳಿ ಹೆಚ್ಚು ಚೇತರಿಸಿಕೊಂಡೀತೋ ಅದನ್ನು ಆರಿಸಿಕೊಳ್ಳುತ್ತಾರೆ. ಸೂರ್ಯಕಾಂತಿಯಲ್ಲಿ ಹೀಗೆ ಬಿಸಿಲು ತಡೆಯುವ ತಳಿಗಳನ್ನು ಹೆಕ್ಕಿದ್ದಾರೆ. ತಂದೆ ಎಲ್ಲವನ್ನೂ ಕೇಳಿ, “ಎಳೇ ರಾಗಿಗೆ ಕುಂಟೆ ಹೊಡೆಯೋದು ಮತ್ಯಾಕಪ್ಪ? ನೋಯಿಸಿದರೆ ತಾನೆ ತೆಂಡೆ ಒಡೆಯೋದು” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದ. “ಹತ್ತು ವರ್ಷ ಓದಿದೆ. ನನ್ನ ಹೊಲಕ್ಕೆ ಏನು ತಂದೆ?”

“ಇನ್ನೂ ಏನೂ ತಂದಿಲ್ಲಪ್ಪ” ಎಂದ ಮಗ.

ಆ ಉತ್ತರವನ್ನು ಕೇಳಿದಾಗ ನನಗೆ ಅವನ ಮೇಲೆ ಹುಟ್ಟಿದ ಗೌರವ ಡಾಕ್ಟರೇಟಿನಿಂದ ಹುಟ್ಟಿರಲಿಲ್ಲ. ಅವನು ಮರೆಮಾಚದೆ ಹೇಳಿದ. ನೀರನ್ನು ಉಳಿಸುವ ಗಿಡ ಬಹುಪಾಲು ಜಿಪುಣ. ಬಾಯಿ ಮುಚ್ಚಿ ಕೂತು ಚಿಕ್ಕದಾಗಿಯೇ ಉಳಿಯುತ್ತದೆ. ಬರದಲ್ಲಿ ಸಾಯದೆ ಇದ್ದರೂ ಕಣಜ ತುಂಬುವುದಿಲ್ಲ. ಆಳಕ್ಕೆ ಬೇರಿಳಿಸಿ ದುಡಿದು ತರುವ ಗುಣವನ್ನೂ, ತಂದದ್ದನ್ನು ಹಿತವಾಗಿ ವೆಚ್ಚಮಾಡುವ ಗುಣವನ್ನೂ ಒಂದೇ ತಳಿಯಲ್ಲಿ ಕೂಡಿಸಬೇಕು. ಅದಕ್ಕೆ ಒಂದು ತಲೆಮಾರು ಬೇಕಾಗಬಹುದು. ಆಮೇಲಿನ ಸಂಗತಿಗಳನ್ನು ನೋಡಿದರೆ ಅವನ ಮಾತು ಸರಿಯೇ. ೧೯೮೨ರಲ್ಲಿ ಸೂತ್ರ ಕಟ್ಟಿದ ಆಸ್ಟ್ರೇಲಿಯದಲ್ಲಿ, ಅದರ ನೆರವಿನಿಂದ ಆರಿಸಿದ ಡ್ರೈಸ್‌ಡೇಲ್ ಎಂಬ ಗೋಧಿಯ ತಳಿ ಹೊರಬಿದ್ದದ್ದು ೨೦೦೨ರಲ್ಲಿ. ಬೆಂಗಳೂರಿನ ವಿಶ್ವವಿದ್ಯಾನಿಲಯದಲ್ಲೇ ತಳಿಶಾಸ್ತ್ರಜ್ಞೆ ಶೈಲಜಾ ಹಿತ್ತಲಮನಿಯವರು ನೀರು ನಿಲ್ಲಿಸದೆ ಬೆಳೆಯತಕ್ಕ ಶಾರದಾ ಎಂಬ ಬತ್ತದ ತಳಿಯನ್ನು ೨೦೦೭ರಲ್ಲಿ ಕೊಟ್ಟರು. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮದನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆಯಲು ಸವೆಸಿದ್ದೂ ಒಂದು ಆಯುಸ್ಸನ್ನೇ.

ತಂದೆ ಬ್ಯಾರನ್ನಿನ ಬಾಯಿಗೆ ಇನ್ನೊಂದು ಕೊರಡನ್ನು ನೂಕಿ, “ಆಗಲಿ ಬಿಡು. ಹೊಗೆಸೊಪ್ಪು ನಿನ್ನನ್ನು ಓದಿಸಿತು, ನೀನು ರಾಗಿಗೆ ಓದು” ಎಂದ. ಮುಂದೆ ಅವನು ಹೆಚ್ಚು ವರ್ಷ ಬದುಕಲಿಲ್ಲ.

ಶಿಷ್ಯನ ಮುಂದಿನ ಜೀವನವನ್ನು ಬಹಳ ಬರೆಯತಕ್ಕದ್ದಿಲ್ಲ. ಕೆಲವು ವರ್ಷ ಆರು ತಿಂಗಳಿಗೊಮ್ಮೆ ಮುಗಿದುಹೋಗುವ ಹುದ್ದೆಗಳಲ್ಲಿದ್ದು, ಬಳಿಕ ಒಂದು ಕಾಲೇಜಿನಲ್ಲಿ ಅಧ್ಯಾಪಕನಾದ. ಮದುವೆ, ಮಕ್ಕಳು, ವರ್ಗ, ಬಡ್ತಿ ಎಲ್ಲವೂ ಲೋಕದಂತೆ ನಡೆದವು. ಒಂದು ಬೇಸಗೆಯಲ್ಲಿ ಅವನು ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋಗುವಾಗ ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡ. ಮಾರ್ಚಿಯ ಕೊನೆ; ಕಾಡೆಲ್ಲ ಎಲೆಯುದುರಿ ಬೆತ್ತಲೆ. ಮೊಸಳೆಯ ಚರ್ಮದಂತೆ ಬಿರಿದ ತೊಗಟೆಯ ಮತ್ತಿಯ ಮರವೊಂದರ ಮುಂದೆ ನಿಂತು, ಇದು ಕೊಡದಂತೆ ನೀರನ್ನು ಕಾಂಡದಲ್ಲಿ ಕೂಡಿಟ್ಟಿರುತ್ತದೆ, ಕಾಡಿನ ಜನಕ್ಕೆ ಇದು ಹಿಂದಿನಿಂದ ಗೊತ್ತು ಎಂದು ಹೇಳಿದ. ಊರಂಚಿಗೆ ಹಿಂದಿರುಗಿದರೆ ಹೊಂಗೆಯ ಮರ ಹೊಸಚಿಗುರಿನಿಂದ ಥಳಥಳಿಸುತ್ತಿತ್ತು. ಮಳೆಗೆ ಇನ್ನೂ ಎರಡು ತಿಂಗಳಿರುವಾಗ ಈ ಮರಕ್ಕೆ ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳಿ, ಉತ್ತರ ಹೇಳದೆ ಸುಮ್ಮನೆ ನಿಂತ. ಹುಡುಗರು ಹುಡುಗಿಯರು ಒಬ್ಬೊಬ್ಬರಾಗಿ ಏನೇನೋ ಹೇಳಿದರು. ಕೆಲವು ಶುದ್ಧ ತಪ್ಪೆಂದು ನನಗೂ ತಿಳಿಯುತ್ತಿತ್ತು. ಅವನು ಯಾರನ್ನೂ ತಡೆಯಲಿಲ್ಲ, ಯಾರನ್ನೂ ನೋಡಿ ನಗಲಿಲ್ಲ. ಬಹಳ ಹೊತ್ತಿನ ಮೇಲೆ ಬೇರಿನ ಆಳದ ಮಾತು ಒಬ್ಬಳ ಬಾಯಿಂದ ತಾನಾಗಿ ಬಂತು. ನಾನು ಮೂವತ್ತಾರು ವರ್ಷ ಪಾಠ ಹೇಳಿದವನು. ಪ್ರಶ್ನೆ ಕೇಳಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಒಂದು ದಿನವೂ ಇಲ್ಲ.

ಕಳೆದ ಯುಗಾದಿಗೆ ಅವನು ಮನೆಗೆ ಬಂದಿದ್ದ. ಈಗ ಅವನಿಗೂ ತಲೆ ಬೆಳ್ಳಗಾಗಿದೆ. ೨೦೨೩ರ ಬರದಲ್ಲಿ ಒಣಗಿದ ರಾಗಿಯ ಮಾತು ಬಂತು. ಅವನು ನನ್ನ ತರಗತಿಯಲ್ಲಿದ್ದಾಗ ಗಾಳಿಯ ಹತ್ತುಲಕ್ಷ ಪಾಲಿನಲ್ಲಿ ಸುಮಾರು ೩೪೫ ಪಾಲಿದ್ದ ಅಂಗಾರಾಮ್ಲ ಈಗ ೪೨೦ನ್ನು ಮೀರಿದೆಯಂತೆ. ಗಿಡಕ್ಕೆ ಅನ್ನ ಸುಲಭವಾಯಿತು, ಬಾಯನ್ನು ಕಿರಿದಾಗಿಸಬಹುದು; ಆದರೆ ಅದರ ಜೊತೆಗೇ ಬಿಸಿಲೇರಿ ಗಾಳಿಯ ಬಾಯಾರಿಕೆ ಹೆಚ್ಚಿತು. ಎರಡರಲ್ಲಿ ಯಾವುದು ಗೆದ್ದೀತೆಂಬುದು ಬೆಳೆಬೆಳೆಗೂ ಊರೂರಿಗೂ ಬೇರೆಯೆಂದ. ಮಾತು ನಿಂತಾಗ ನಾನು ಧೈರ್ಯಮಾಡಿ ೧೯೮೪ರ ಆ ದಿನವನ್ನು ಎತ್ತಿದೆ. ನೀನು ಹೀಗೆ ಕೇಳಿದೆ, ನಾನು ಹೀಗೆ ಹೊಡೆದೆ, ಅಂದು ನೀನು ಕೇಳಿದ ಎರಡು ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಅದಕ್ಕೇ ಹೊಡೆದೆ ಎಂದೆ.

ಅವನು ಬಹಳ ಯೋಚಿಸಿದ. “ಇಲ್ಲ ಮೇಷ್ಟ್ರೆ, ನೆನಪಿಗೆ ಬರುತ್ತಿಲ್ಲ. ನಿಮ್ಮ ಕೈಯಲ್ಲಿ ಏಟು ತಿಂದದ್ದು ಎಷ್ಟೋ ಸಲ. ಯಾವುದು ಯಾವುದಕ್ಕೋ! ಪಾದಪ ಅನ್ನುವ ಶಬ್ದ ಮಾತ್ರ ಚೆನ್ನಾಗಿ ನೆನಪಿದೆ.”

ಕ್ಷಮಿಸಿದೆನೆಂದಾಗಲಿ, ಕ್ಷಮಿಸಲಾರೆನೆಂದಾಗಲಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದಕ್ಕೆ ಏನು ಮಾಡತಕ್ಕದ್ದು? ನಲವತ್ತು ವರ್ಷ ನಾನು ಹೊತ್ತದ್ದನ್ನು ಇಳಿಸುವುದಕ್ಕೆ ಹೋದರೆ ಅಲ್ಲಿ ಜಗುಲಿಯೇ ಇರಲಿಲ್ಲ. ಹಿಂದಕ್ಕೆ ತಂದುಕೊಂಡಿದ್ದೇನೆ.

ಹೊರಡುವ ಮುನ್ನ ಅವನು ಚೀಲದಿಂದ ಚಿಕ್ಕದೊಂದು ವಿದ್ಯುತ್ ತಕ್ಕಡಿಯನ್ನು ತೆಗೆದು ನನ್ನ ಮುಂದಿಟ್ಟ. ಹಿತ್ತಲಿನಲ್ಲಿದ್ದ ಕುಂಡದ ತುಳಸಿಯ ಬುಡಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಕಟ್ಟಿ, ಸೂರ್ಯೋದಯಕ್ಕೆ ಒಮ್ಮೆ, ಸೂರ್ಯಾಸ್ತಕ್ಕೆ ಒಮ್ಮೆ ತೂಗಿ ಬರೆದಿಡಿ ಎಂದ. ಮೊದಲ ದಿನ ೧೪೦ ಗ್ರಾಂ ಕಡಮೆಯಾಯಿತು. ಮೋಡವಿದ್ದ ಮರುದಿನ ೬೫. ಮೂರನೆಯ ದಿನ ಗಾಳಿ ಬೀಸಿ ೧೭೦. ಹಳೆಯ ಪಂಚಾಂಗದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ತುಳಸಿಯನ್ನು ತೂಗುವುದುಂಟೆ, ತೂಗಿದ ಸತ್ಯಭಾಮೆಯ ಗತಿ ಏನಾಯಿತೆಂದು ನಿಮಗೆ ನಾನು ಹೇಳಬೇಕೆ ಎಂದು ನನ್ನಾಕೆ ದಿನವೂ ಗೊಣಗುತ್ತಾಳೆ. ಪೂಜೆಗೆ ಕುಡಿ ಕಿತ್ತರೆ ತೂಕದ ಲೆಕ್ಕ ಕೆಡುತ್ತದೆಂದು ನಾನು ಅವಳಿಗೆ ಬೇರೊಂದು ಗಿಡವನ್ನು ನೆಟ್ಟುಕೊಟ್ಟಿದ್ದೇನೆ.